ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ? ಜಂತು ಅಂತ ಸುಮ್ನೆ ಕೂರಬೇಡಿ

ನಿಮಗೋ ನಿಮ್ಮ ಮನೆಯವರಿಗೋ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ದಯವಿಟ್ಟು ಇದನ್ನು ಓದಿ. ನನ್ನ ಬಲಗಡೆಯ ದವಡೆ ಹಲ್ಲು ಹೋಗಿದ್ದು ಇದರಿಂದಲೇ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಯಜಮಾನರು, "ರಾತ್ರಿಯೆಲ್ಲಾ ಕಟಕಟ ಹಲ್ಲ ಕಡೀತಿ, ಪುಟಾಣಿ ತಿಂದಂಗ ಸಪ್ಪಳ ಬರ್ತೈತಿ" ಅಂದರು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಹೊಟ್ಟ್ಯಾಗ ಜಂತ ಆಗಿರಬೇಕವ್ವಾ, ಗುಳಿಗಿ ತಗೋ" ಅಂದರು. ನಮ್ಮ ಕಡೆ ಎಲ್ಲರೂ ಹೇಳುವುದು ಅದನ್ನೇ ಅಲ್ವಾ? ತಗೊಂಡೆ. ಆರು ತಿಂಗಳು ಬಿಟ್ಟು ಮತ್ತೊಮ್ಮೆ ತಗೊಂಡೆ. ಸಪ್ಪಳ ನಿಲ್ಲಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಕಣತಲೆ ಸಿಡಿಯುತ್ತಿತ್ತು. ಆಕಳಿಸಿದರೆ ಕಿವಿಯ ಮುಂದೆ ಲಟಕ್ ಅನ್ನುತ್ತಿತ್ತು. ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತಿತ್ತು. ಬಿಸಿಲಿನ ತಲೆನೋವು ಅಂದುಕೊಂಡು ಚಹಾ ಜಾಸ್ತಿ ಮಾಡಿದೆ. ರಾತ್ರಿ ಒಂಬತ್ತಕ್ಕೂ ಒಂದು ಕಪ್. ಅದು ಇನ್ನೂ ಕೆಟ್ಟದ್ದು ಅಂತ ಆಗ ಗೊತ್ತಿರಲಿಲ್ಲ.

ಆಮೇಲೆ ಮಾಡಿದ್ದು ಇನ್ನೊಂದು ತಪ್ಪು. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ, ಗಾರ್ಡ್ ಅಂತಾರೆ, ಅದರಲ್ಲಿ ಮೆತ್ತನೆಯದೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬಿಸಿನೀರಿನಲ್ಲಿ ಅದ್ದಿ ಕಚ್ಚಿದರೆ ಹಲ್ಲಿನ ಆಕಾರಕ್ಕೆ ಕೂರುತ್ತದೆ ಅಂತ ಬರೆದಿತ್ತು. ಸರಿಯಾಗಿ ಕೂರಲೇ ಇಲ್ಲ. ನಿದ್ದೆಯಲ್ಲಿ ಅದನ್ನೇ ಅಗಿಯುತ್ತಿದ್ದೆ. ಒಂದು ತಿಂಗಳಿಗೆ ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಬಲಗಡೆ ದವಡೆ ಹಲ್ಲಿನ ಜಾಗದಲ್ಲಿ ತೂತು! ಅಷ್ಟಾದರೂ ಡಾಕ್ಟರ ಹತ್ತಿರ ಹೋಗಲಿಲ್ಲ.

ಒಂದು ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಟಪ್ ಅಂತು. ರೊಟ್ಟಿಯಲ್ಲಿ ಕಲ್ಲು ಅಂದುಕೊಂಡೆ. ಅಂಗೈಗೆ ಉಗುಳಿದರೆ ಅರ್ಧ ಕಡಲೆಬೇಳೆಯಷ್ಟು ದೊಡ್ಡ ಹಲ್ಲಿನ ಚೂರು. ಬಿರುಕು ಬೇರಿನವರೆಗೆ ಇಳಿದಿತ್ತು. ರೂಟ್ ಕೆನಾಲ್ ಚಿಕಿತ್ಸೆ ಮಾಡಿ ಉಳಿಸುವ ಹಂತವೂ ದಾಟಿತ್ತು, ಕೀಳಲೇಬೇಕಾಯಿತು.

ದಂತ ವೈದ್ಯೆ ಕನ್ನಡಿಯಲ್ಲಿ ಉಳಿದ ಹಲ್ಲು ತೋರಿಸಿದರು. ತುದಿಗಳೆಲ್ಲ ಸವೆದು ಚಪ್ಪಟೆ. ಹಲ್ಲಿನ ಮೇಲಿನ ಎನಾಮಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಜಂತಿನಿಂದ ಹಲ್ಲು ಕಡಿಯುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂದರು. ಚಿಂತೆ, ಸಂಜೆ ಮೇಲಿನ ಚಹಾ ಕಾಫಿ, ತಂಬಾಕು, ಮದ್ಯ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವೆಲ್ಲ ಇದನ್ನು ಜಾಸ್ತಿ ಮಾಡಬಹುದು. ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ಹೇಳಿ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು ಇದ್ದರೆ ಅದನ್ನೂ ತೋರಿಸಬೇಕು. ಮಕ್ಕಳು ಕಡಿದರೆ ಗಾಬರಿ ಬೇಡ, ಬೆಳೆಯುತ್ತಾ ಹೆಚ್ಚಿನವರಿಗೆ ತಾನೇ ಹೋಗುತ್ತದೆ.

ಈಗ ಹಲ್ಲಿನ ಅಚ್ಚು ತೆಗೆದು ಮಾಡಿಸಿದ ಗಟ್ಟಿ ಗಾರ್ಡ್ ಹಾಕಿಕೊಳ್ಳುತ್ತೇನೆ. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲನ್ನು ಕಾಯುತ್ತದೆ. ತಣ್ಣೀರಲ್ಲೇ ತೊಳೆಯಬೇಕು, ಬಿಸಿನೀರಿಗೆ ಸೊಟ್ಟ ಆಗುತ್ತದೆ. ಹಗಲಲ್ಲೂ ಹಲ್ಲು ಬಿಗಿಹಿಡಿಯುತ್ತಿದ್ದೇನಾ ಅಂತ ಆಗಾಗ ನೋಡಿಕೊಳ್ಳುತ್ತೇನೆ. ತುಟಿ ಮುಚ್ಚಿದ್ದರೂ ಮೇಲಿನ ಕೆಳಗಿನ ಹಲ್ಲು ತಾಗಬಾರದು. ಮಿಕ್ಸರ್ ಮುಂದೆ ನಿಂತಾಗಲೂ ನಾನು ದವಡೆ ಬಿಗಿ ಹಿಡಿದಿರುತ್ತಿದ್ದೆ!

ಪರಿಚಯದವರೊಬ್ಬರಿಗೆ ಇದೇ ತೊಂದರೆಗೆ ಒಬ್ಬ ವೈದ್ಯರು ಹಲ್ಲು ತೇಯ್ದು ಸಮ ಮಾಡೋಣ ಅಂದಿದ್ದರಂತೆ. ಹಾಗೆ ಯಾರಾದರೂ ಹೇಳಿದರೆ ಒಪ್ಪುವ ಮುಂಚೆ ಇನ್ನೊಬ್ಬ ವೈದ್ಯರನ್ನು ಕೇಳಿ. ತೇಯ್ದ ಹಲ್ಲು ವಾಪಸ್ ಬರುವುದಿಲ್ಲ.

ನನ್ನ ಎಡಗಡೆಯ ಹಲ್ಲಿನಲ್ಲೂ ಸಣ್ಣ ಬಿರುಕಿನ ಗೆರೆ ಇದೆಯಂತೆ. ಆರು ತಿಂಗಳಿಗೊಮ್ಮೆ ತೋರಿಸಿ ಬರುತ್ತೇನೆ. ಖಡಕ್ ರೊಟ್ಟಿಯನ್ನು ಈಗ ಸಾರಿನಲ್ಲಿ ನೆನೆಸಿಕೊಂಡೇ ತಿನ್ನುವುದು.