ಎಂಟು ವರ್ಷಗಳಲ್ಲಿ ಮೂರು ಲ್ಯಾಂಪ್: ಪುಣೆಯ ನಮ್ಮ ಮನೆಯ ಪ್ರೊಜೆಕ್ಟರ್

2017ರ ದೀಪಾವಳಿಗೆ ಕೊಂಡ ತ್ರೀ ಎಲ್‌ಸಿಡಿ (ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಎಲ್‌ಸಿಡಿ ಫಲಕಗಳಿರುವ) ಪ್ರೊಜೆಕ್ಟರ್ ಕೋಥರೂಡಿನ ನಮ್ಮ ನಡುಮನೆಯಲ್ಲಿ ಇಂದಿಗೂ ದಿನಕ್ಕೆ ಸರಾಸರಿ ಎರಡು ಗಂಟೆ ದುಡಿಯುತ್ತಿದೆ. ಚಿತ್ರ, ಬಣ್ಣ, ಲೆನ್ಸ್ ಇವುಗಳ ಬಗ್ಗೆ ನನಗೆ ತಕರಾರಿಲ್ಲ. ಹಣವನ್ನೂ ಗಮನವನ್ನೂ ಮತ್ತೆಮತ್ತೆ ಬೇಡಿದ್ದು ಒಳಗೆ ಬೆಳಕು ಕೊಡುವ ಲ್ಯಾಂಪ್ ಒಂದೇ.

ಪೆಟ್ಟಿಗೆಯ ಮೇಲೆ ಸಾಮಾನ್ಯ ಮೋಡ್‌ನಲ್ಲಿ 4,000 ಗಂಟೆ, ಬೆಳಕನ್ನು ತುಸು ತಗ್ಗಿಸುವ ಇಕೋ ಮೋಡ್‌ನಲ್ಲಿ 6,000 ಗಂಟೆ ಎಂದು ಅಚ್ಚಾಗಿತ್ತು. ಅಷ್ಟು ಕಾಲವೂ ಒಂದೇ ಬೆಳಕು ಸಿಗುವುದೆಂದು ನಾನು ನಂಬಿದ್ದೆ. ವಾಸ್ತವದಲ್ಲಿ ಆ ಅಂಕಿ ಸೂಚಿಸುವುದು ಬೆಳಕು ಹೊಸದರಲ್ಲಿ ಇದ್ದುದರ ಅರ್ಧಕ್ಕೆ ಇಳಿಯುವ ಹೊತ್ತನ್ನು, ಅದೂ ತಯಾರಕರು ನಿಗದಿಪಡಿಸಿದ ಪರಿಸ್ಥಿತಿಯಲ್ಲಿ. ಪರದೆಯ ನಡುವೆ ಬಿಳಿಯ ಚಿತ್ರ ಬಿಟ್ಟು, ಅದೇ ಜಾಗದಲ್ಲಿ ಫೋನ್ ಹಿಡಿದು ಆರು ತಿಂಗಳಿಗೊಮ್ಮೆ ಬೆಳಕನ್ನು ಅಳೆಯುತ್ತ ಬಂದಿದ್ದೇನೆ. ಮೊದಲ 500 ಗಂಟೆಗಳಲ್ಲಿಯೇ ಬೆಳಕು ಐದನೆಯ ಒಂದು ಪಾಲು ಕುಗ್ಗಿತ್ತು, ಅನಂತರದ ಇಳಿಕೆ ಮಾತ್ರ ನಿಧಾನವಾಗಿತ್ತು.

ಮೊದಲ ಲ್ಯಾಂಪ್ 2021ರ ಮೇ ತಿಂಗಳಲ್ಲಿ, 2,780 ಗಂಟೆಗೆ ಮುಗಿಯಿತು. ಕಾರಣಗಳನ್ನು ನಾನು ತಡವಾಗಿ ತಿಳಿದುಕೊಂಡೆ. ಲ್ಯಾಂಪಿನಲ್ಲಿರುವ, ಬೆರಳ ತುದಿಯಷ್ಟು ಚಿಕ್ಕ ಕ್ವಾರ್ಟ್ಜ್ ಗಾಜಿನ ಗೋಳದೊಳಗೆ ಟಂಗ್‌ಸ್ಟನ್ ಲೋಹದ ಎರಡು ತುದಿಗಳು ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿರುತ್ತವೆ. ಉರಿಯುವಾಗ ಒಳಗಿನ ಪಾದರಸದ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟಾಗುತ್ತದೆ. ಪ್ರತಿ ಸಲ ಹೊತ್ತಿಸಿದಾಗಲೂ ತುದಿಯ ಲೋಹ ಒಂದಿಷ್ಟು ಸವೆದು ಗಾಜಿನ ಒಳಮೈಗೆ ಕಪ್ಪಾಗಿ ಅಂಟುತ್ತದೆ. ಆದ್ದರಿಂದ ಹತ್ತು ನಿಮಿಷದ ವಾರ್ತೆಗಾಗಿ ಹಚ್ಚಿ ಆರಿಸುವ ನಮ್ಮ ರೂಢಿಯೇ ಅದಕ್ಕೆ ಮುಳುವಾಗಿತ್ತು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಕರೆಂಟ್ ಹೋದಾಗ ಪ್ರೊಜೆಕ್ಟರಿನೊಳಗಿನ ಫ್ಯಾನ್ ಕೂಡ ನಿಂತುಬಿಡುತ್ತಿತ್ತು, ಕಾದ ಲ್ಯಾಂಪ್ ತಂಪಾಗುವ ದಾರಿಯೇ ಇರುತ್ತಿರಲಿಲ್ಲ. ಆ ವರ್ಷಗಳಲ್ಲಿ ಪೌಡ್ ರಸ್ತೆಯುದ್ದಕ್ಕೂ ಮೆಟ್ರೊ ಕೆಲಸ ನಡೆದಿತ್ತು. ಒಂದು ದಿನ, ಲ್ಯಾಂಪನ್ನು ತಂಪಾಗಿಸುವ ಗಾಳಿ ಒಳಬರುವ ಫಿಲ್ಟರ್ ಹೊರತೆಗೆದಾಗ ಅದರ ಮೇಲೆ ಕಂಬಳಿಯ ತುಂಡಿನಂತೆ ಬೂದುಬಣ್ಣದ ಧೂಳು ಹೆಪ್ಪುಗಟ್ಟಿತ್ತು. ಉಗುರಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಎದ್ದು ಬಂತು.

ಎರಡನೆಯದನ್ನು ಬುಧವಾರ ಪೇಟೆ ಎಂಬ ಬಡಾವಣೆಯ ಅಂಗಡಿಯೊಂದರಲ್ಲಿ, ತಯಾರಕರದೇ ಆದ ಮೂಲ ಲ್ಯಾಂಪಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಂಡೆ. ಹೊರಗಿನ ಚೌಕಟ್ಟು ಸರಿಯಾಗಿಯೇ ಕೂತಿತು, ಆದರೆ ಬೆಳಕು ಮೊದಲ ವಾರದಿಂದಲೇ ಮಿನುಗತೊಡಗಿತು. 2022ರ ಆಗಸ್ಟ್‌ನಲ್ಲಿ ಸುಮಾರು 900 ಗಂಟೆಯಾಗಿದ್ದಾಗ, ಅವ್ವ ಊಟ ಮುಗಿಸಿ ಹಳೆಯ ಸಿನಿಮಾ ನೋಡುತ್ತಿದ್ದ ಹೊತ್ತಿಗೆ, ಟಪ್ಪೆಂದು ಸದ್ದಾಗಿ ಕತ್ತಲಾಯಿತು. ಗೋಳ ಒಡೆದಿತ್ತು. ಒಡೆದ ಲ್ಯಾಂಪಿನಿಂದ ಪಾದರಸದ ಆವಿ ಹೊರಬರುವುದರಿಂದ ಕಿಟಕಿಗಳನ್ನೆಲ್ಲ ತೆರೆದು, ಅವ್ವನನ್ನು ಒಳಕೋಣೆಗೆ ಕಳಿಸಿ, ಅರ್ಧ ಗಂಟೆಯ ಮೇಲೆ ನಡುಮನೆಗೆ ಹೋದೆ. ಬೆಲೆಯನ್ನು ನೋಡಿ ಮಾಡಿದ ಆ ಖರೀದಿಗೆ ನಾನು ಇಂದಿಗೂ ಪಶ್ಚಾತ್ತಾಪ ಪಡುತ್ತೇನೆ. ಚೂರುಗಳನ್ನು ಕಸದ ಬುಟ್ಟಿಗೆ ಹಾಕದೆ, ಮುಚ್ಚಿದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದೆ.

ಮುಂದಿನ ತಿಂಗಳು ಮೂಲ ಲ್ಯಾಂಪನ್ನೇ ತರಿಸಿ ಹಾಕಿದೆ. ಗಾಜನ್ನು ಬರಿಗೈಯಿಂದ ಮುಟ್ಟಲಿಲ್ಲ, ಏಕೆಂದರೆ ಬೆರಳಿನ ಜಿಡ್ಡು ಅಂಟಿದ ಜಾಗದಲ್ಲಿ ಗಾಜು ಅತಿಯಾಗಿ ಕಾದು ಬಿರುಕು ಬಿಡಬಹುದು. ಮೆನುವಿನಲ್ಲಿ ಗಂಟೆಗಳ ಎಣಿಕೆಯನ್ನು ಸೊನ್ನೆಗೆ ತಂದೆ. ಇದನ್ನು ಮರೆತರೆ ಹೊಸ ಲ್ಯಾಂಪಿಗೂ ಹಳೆಯ ಎಚ್ಚರಿಕೆಯೇ ಬರುತ್ತಿರುತ್ತದೆ. ಆಮೇಲೆ ಪ್ರೊಜೆಕ್ಟರಿಗೆ ಒಂದು ಚಿಕ್ಕ ಯುಪಿಎಸ್ ಜೋಡಿಸಿದೆ. ಅದರಿಂದ ಸಿನಿಮಾ ಮುಂದುವರಿಸಲಾಗದು, ಆದರೆ ಕ್ರಮವಾಗಿ ಆರಿಸಿ ಫ್ಯಾನ್ ತನ್ನ ಕೆಲಸ ಮುಗಿಸಲು ಬೇಕಾದ ಕೆಲವು ನಿಮಿಷಗಳು ಸಿಗುತ್ತವೆ. ಈಗ ಸದಾ ಇಕೋ ಮೋಡ್, ತಿಂಗಳಿಗೊಮ್ಮೆ ಫಿಲ್ಟರ್ ಶುಚಿ, ವಾರ್ತೆಗೆ ಟಿವಿ.

ಈ ಮೂರನೆಯ ಲ್ಯಾಂಪ್ ಇಂದಿಗೆ 2,600 ಗಂಟೆ ಉರಿದಿದೆ ಮತ್ತು ನನ್ನ ಅಳತೆಯಲ್ಲಿ ಮೊದಲ ದಿನದ ಸುಮಾರು ಮೂರನೆಯ ಎರಡರಷ್ಟು ಬೆಳಕನ್ನು ಉಳಿಸಿಕೊಂಡಿದೆ. ಕಿಟಕಿಯ ಪರದೆ ಎಳೆದರೆ ಸಂಜೆಯ ಚಿತ್ರಕ್ಕೆ ಅದು ಧಾರಾಳ, ಹಗಲಿನ ಕ್ರಿಕೆಟ್ಟಿಗೆ ಸಾಲದು. 20,000 ಗಂಟೆಯ ಲೇಸರ್ ಪ್ರೊಜೆಕ್ಟರ್ ತೆಗೆದುಕೊ ಎಂದು ತಮ್ಮ ಹೇಳುತ್ತಾನೆ. ಆದರೆ ಆ ಅಂಕಿಯೂ ಸಾಮಾನ್ಯವಾಗಿ ಅರ್ಧ ಬೆಳಕಿನದೇ, ಮತ್ತು ಅಲ್ಲಿ ಬೆಳಕಿನ ಮೂಲ ಕೆಟ್ಟರೆ ಮನೆಯಲ್ಲಿ ಕೂತು ಸ್ಕ್ರೂಡ್ರೈವರ್ ಹಿಡಿದು ಬದಲಿಸುವಂತಿಲ್ಲ. ದಿನಕ್ಕೆ ಎರಡೇ ಗಂಟೆ ನೋಡುವ ನಮ್ಮ ಮನೆಗೆ ನಾಲ್ಕನೆಯ ಲ್ಯಾಂಪೇ ಸಾಕೆಂದು ಸದ್ಯಕ್ಕೆ ನಿರ್ಧರಿಸಿದ್ದೇನೆ.