ಕ್ಯಾಪ್ಟಾನ್ ಹಾಳೆಯ ಸೋಡಿಯಂ-22 ಸೋರ್ಸ್: ಎಡಗೈ-ಬಲಗೈ ಅಲನಿನ್‌ಗೆ ಆದೀತೇ?

7.5 ಮೈಕ್ರಾನ್ ದಪ್ಪದ ಎರಡು ಕ್ಯಾಪ್ಟಾನ್ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆಗಳ ನಡುವೆ ವಿಕಿರಣಶೀಲ ಸೋಡಿಯಂ-22ರ ಉಪ್ಪನ್ನು ಒಣಗಿಸಿ ಅಂಚು ಮುಚ್ಚಿದ ಪಾಸಿಟ್ರಾನ್ ಸೋರ್ಸ್ (ಮೂಲ) ಇದು. ಪಾಸಿಟ್ರಾನ್ (ಎಲೆಕ್ಟ್ರಾನ್‌ನ ಪ್ರತಿಕಣ) ವಸ್ತುವಿನೊಳಗೆ ಅಳಿಯುವ ಮುನ್ನ ಬದುಕುವ ಆಯಸ್ಸು ಅಳೆಯುವ ದಿನನಿತ್ಯದ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪಾಸಿಟ್ರಾನ್ ಹೊರಬಿದ್ದ ಬೆನ್ನಿಗೇ 1.275 ಎಂಇವಿ (ಶಕ್ತಿಯ ಏಕಮಾನ) ಗಾಮಾ ಬರುತ್ತದೆ, ಗಡಿಯಾರ ಶುರು. ಎಲೆಕ್ಟ್ರಾನ್ ಜೊತೆ ಅಳಿದಾಗ 0.511 ಎಂಇವಿ, ಗಡಿಯಾರ ನಿಂತಿತು. ಅರ್ಧಾಯುಷ್ಯ 2.6 ವರ್ಷ. ಒಂದು ಪಿಎಚ್‌ಡಿಗೆ ಧಾರಾಳ.

ತೊಂದರೆ ಬರುವುದು ಇದನ್ನು ಎಲ್-ಅಲನಿನ್, ಡಿ-ಅಲನಿನ್ (ಒಂದೇ ಅಮೈನೊ ಆಮ್ಲದ ಎಡಗೈ, ಬಲಗೈ ರೂಪಗಳು, ಒಂದು ಇನ್ನೊಂದರ ಕನ್ನಡಿಬಿಂಬ) ಹರಳುಗಳ ನಡುವೆ ಇಟ್ಟು ವ್ಯತ್ಯಾಸ ಹುಡುಕಲು ಹೊರಟಾಗ. ಬೀಟಾ ಕ್ಷಯದ ಪಾಸಿಟ್ರಾನ್‌ನ ಸ್ಪಿನ್ (ತನ್ನದೇ ಭ್ರಮಣ) ಚಲನೆಯ ದಿಕ್ಕಿಗೇ ಒಲಿದಿರುತ್ತದೆ, ಅಂದರೆ ಅದಕ್ಕೂ ಒಂದು 'ಕೈ' ಇದೆ. ಕನ್ನಡಿಬಿಂಬದ ಅಣುಗಳನ್ನು ಅದು ಬೇರೆಬೇರೆಯಾಗಿ ಕಂಡೀತು ಎಂಬ ಆಸೆ ಅಲ್ಲಿಂದ ಹುಟ್ಟಿದ್ದು. 1970ರ ದಶಕದಲ್ಲಿ ಕಂಡಿತೆಂದವರೂ ಇದ್ದರು, ಮತ್ತೆ ಅಳೆದಾಗ ನಿಲ್ಲಲಿಲ್ಲ. 1982ರಲ್ಲಿ ಮಿಷಿಗನ್ ತಂಡ ಧ್ರುವೀಕೃತ (ಸ್ಪಿನ್ ಒಂದೇ ದಿಕ್ಕಿಗೆ ಒಲಿದ) ನಿಧಾನ ಪಾಸಿಟ್ರಾನ್ ಕಿರಣ ಹಾಯಿಸಿ ನೋಡಿದಾಗ, ಸಾವಿರದಲ್ಲೊಂದರ ಮಟ್ಟದಲ್ಲೂ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಈ ಹಾಳೆ ಸೋರ್ಸ್‌ನಲ್ಲಿ ಶೇ 2ರ ವ್ಯತ್ಯಾಸ ಕಂಡರೆ ಸಂಭ್ರಮಿಸಬೇಡಿ, ಹರಳಿನ ಮಾದರಿಯನ್ನು ಅನುಮಾನಿಸಿ.

ಮೊದಲು ದಪ್ಪ. ಪಾಸಿಟ್ರಾನ್‌ನ ಗರಿಷ್ಠ ಶಕ್ತಿ 0.546 ಎಂಇವಿ, ಅಲನಿನ್‌ನಲ್ಲಿ ಅದು ಸುಮಾರು 1.3 ಮಿ.ಮೀ. ಹೋಗಬಲ್ಲದು. ಎರಡೂ ಬದಿಗೆ 2 ಮಿ.ಮೀ. ಇಡಿ, ಇಲ್ಲವಾದರೆ ಹೋಲ್ಡರ್‌ನ ಆಯಸ್ಸೂ ಸೇರಿ ಬರುತ್ತದೆ. ಆಮೇಲೆ ಹಾಳೆ. ಶೇ 10ರ ಆಸುಪಾಸು ಪಾಸಿಟ್ರಾನ್‌ಗಳು ಕ್ಯಾಪ್ಟಾನ್‌ನಲ್ಲೇ ಅಳಿಯುತ್ತವೆ, ಆಯಸ್ಸು 382 ಪಿಕೊಸೆಕೆಂಡ್. ಸಾವಯವ ಹರಳಿನದೂ ಅದರ ಹತ್ತಿರವೇ ಇರುವುದರಿಂದ ಫಿಟ್ಟಿಂಗ್ (ಲೆಕ್ಕದಲ್ಲಿ ಘಟಕಗಳನ್ನು ಬೇರ್ಪಡಿಸುವುದು) ತನ್ನಿಂತಾನೇ ಬಿಡಿಸಲಾರದು. ಹಾಳೆಯ ಪಾಲನ್ನು ಬೇರೆಯಾಗಿ ಅಳೆದು ಸ್ಥಿರವಾಗಿ ಕೊಡಬೇಕು.

ಎಲ್, ಡಿ ಎರಡನ್ನೂ ಒಂದೇ ನೀರಿನಲ್ಲಿ, ಒಂದೇ ವೇಗದಲ್ಲಿ ಮರುಹರಳುಗಟ್ಟಿಸಿ. ಡಿ ಬಾಟಲಿ ಬೇರೆ ದಾರಿಯಲ್ಲಿ ತಯಾರಾದದ್ದಿರುತ್ತದೆ, ಕಲ್ಮಶವೂ ಬೇರೆ. ಹೋಲಿಕೆಗೆ ಡಿಎಲ್-ಅಲನಿನ್ (ಎರಡೂ ಸಮ ಬೆರೆತದ್ದು) ಇಡುವುದು ಸಾಮಾನ್ಯ ತಪ್ಪು: ಅದರ ಹರಳಿನ ಜೋಡಣೆಯೇ ಬೇರೆ, ಆದ್ದರಿಂದ ಆಯಸ್ಸು ಬದಲಾದರೂ ಅದಕ್ಕೆ ಎಡ-ಬಲದ ಹೆಸರು ಕೊಡುವಂತಿಲ್ಲ. ಇನ್ನೊಂದು, ವಿಕಿರಣ ಬಿದ್ದರೆ ಅಲನಿನ್‌ನಲ್ಲಿ ಗಟ್ಟಿಯಾಗಿ ಉಳಿಯುವ ಅಣುತುಣುಕುಗಳು, ಅಂದರೆ ರ‍್ಯಾಡಿಕಲ್‌ಗಳು ಹುಟ್ಟುತ್ತವೆ (ಡೋಸ್ ಅಳೆಯಲು ಅದನ್ನೇ ಬಳಸುತ್ತಾರೆ). ಸೋರ್ಸ್‌ಗೆ ಅಂಟಿ ಕೂತ ಹರಳು ವಾರದಿಂದ ವಾರಕ್ಕೆ ಬದಲಾಗುತ್ತದೆ. ಎರಡಕ್ಕೂ ಸರಿಸಮ ಗಂಟೆ ಕೊಡಿ.

ಸಾವಿರದಲ್ಲೊಂದು ನೋಡಬೇಕೆಂದರೆ, ನೀವು ಹುಡುಕುವ ಘಟಕದಲ್ಲೇ ಹತ್ತು ಲಕ್ಷಕ್ಕೆ ಕಡಿಮೆಯಿಲ್ಲದ ಎಣಿಕೆ ಬೇಕು. ಆತುರಕ್ಕೆ ಹೆಚ್ಚು ಕ್ಯೂರಿಯ (ಹೆಚ್ಚು ತೀವ್ರವಾದ) ಸೋರ್ಸ್ ತರಿಸಿದರೆ ಆಕಸ್ಮಿಕ ಜೋಡಿಗಳ (ಬೇರೆಬೇರೆ ಪಾಸಿಟ್ರಾನ್‌ಗಳ ಗಾಮಾಗಳು ಒಂದೇ ಜೋಡಿಯಾಗಿ ಎಣಿಕೆಯಾದವು) ಹಿನ್ನೆಲೆ ಏರುತ್ತದೆ.

ಆಯಸ್ಸಿನ ಮಾಪನಕ್ಕೆ ಐದರಲ್ಲಿ ನಾಲ್ಕೂವರೆ, ಎಡ-ಬಲ ಪತ್ತೆಗೆ ಒಂದು.