ನಾಲ್ಕು ವರ್ಷದ ನೀಲಿ ಬ್ಯಾರಲ್, ನಾಲ್ಕು ಬೆರಳು ಮೇಲಿನ ನಳ

ನಮ್ಮ ಬ್ಯಾರಲ್‌ನ ನಳ ತಳದಿಂದ ನಾಲ್ಕು ಬೆರಳು ಮೇಲಿದೆ. ನಾಲ್ಕು ವರ್ಷದಿಂದ ನನ್ನ ತಲೆ ತಿಂದಿರುವುದು ಇದೊಂದೇ ವಿಷಯ. ಬಣ್ಣ, ದಪ್ಪ, ಮುಚ್ಚಳ ಎಲ್ಲ ಅಂಗಡಿ ಮುಂದೆ ನಿಂತರೆ ನಿಮಗೇ ಕಾಣುತ್ತದೆ. 200 ಲೀಟರಿನ ನೀಲಿ ಬ್ಯಾರಲ್ ನೋಡದವರು ಹುಬ್ಬಳ್ಳಿಯಲ್ಲಿ ಯಾರಿದ್ದಾರೆ? ನಳದ ಎತ್ತರ ಮಾತ್ರ ಯಾರೂ ನೋಡುವುದಿಲ್ಲ. ನಾನೂ ನೋಡಲಿಲ್ಲ.

ಹೊರಗಿನವರಿಗೆ ಒಂದು ಮಾತು. ನಮ್ಮಲ್ಲಿ 'ನೀರು ಬಂತು' ಅನ್ನುವುದಿಲ್ಲ, 'ನಳ ಬಂತು' ಅನ್ನುತ್ತೇವೆ. ನಮ್ಮ ಓಣಿಗೆ ಅದು ಐದಾರು ದಿನಕ್ಕೊಮ್ಮೆ ಬರುತ್ತದೆ. ಕೆಲವೊಮ್ಮೆ ಎಂಟು. ಸವದತ್ತಿ ಕಡೆಯಿಂದ ಮಲಪ್ರಭೆ ನೀರು ಇಷ್ಟು ದೂರ ಬರಬೇಕು. ನಡುವೆ ಕರೆಂಟ್ ಹೋದರೂ, ಪೈಪ್ ಒಡೆದರೂ ಇಲ್ಲಿ ಕೊಡಗಳು ಖಾಲಿ. ನಮ್ಮದು ಬಾಡಿಗೆ ಮನೆ. ಸಂಪು ಇಲ್ಲ, ಮಾಳಿಗೆ ಮೇಲೆ 500 ಲೀಟರಿನ ಟ್ಯಾಂಕ್ ಇದೆ. ದಿನದ ಬಳಕೆ ಅದರಲ್ಲೇ. ಬ್ಯಾರಲ್ ತಂದದ್ದು ಬೇರೆ ಕೆಲಸಕ್ಕೆ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟ ಹಾಗೆ ಮುಟ್ಟದೆ ಇಡುವುದಕ್ಕೆ.

2021ರ ಬೇಸಿಗೆಯಲ್ಲಿ ತಂದೆ. ಅಂಗಡಿಯಲ್ಲಿ ಎರಡು ಥರ ಇದ್ದವು. ಹಳೇದು 700, ಹೊಸದು 1,600. ನನ್ನ ಬಜೆಟ್ಟು 1,000. ಸಹಜವಾಗಿ ಹಳೇದರ ಒಳಗೆ ಮುಖ ಹಾಕಿ ಮೂಸಿ ನೋಡಿದೆ. ಸೋಪಿನ ವಾಸನೆ. ಅದರ ಹಿಂದೆ ಇನ್ನೊಂದು ವಾಸನೆ, ಹೆಸರು ಹೇಳಲಾಗದ್ದು. 'ಇದರಾಗ ಏನಿತ್ತು?' ಎಂದು ಕೇಳಿದೆ. 'ಏನೋ ಇತ್ರೀ, ತೊಳದೀವಲ್ಲ' ಅಂದ. ಪ್ಲಾಸ್ಟಿಕ್ ತನ್ನೊಳಗೆ ಹೀರಿಕೊಂಡದ್ದನ್ನು ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ಕೆಮಿಕಲ್ ತುಂಬಿದ ಬ್ಯಾರಲ್‌ನಲ್ಲಿ ಕುಡಿಯುವ ನೀರು ಇಡಲೇಬಾರದು. ಹೊಸದೇ ತಂದೆ, ತಳದಲ್ಲಿ ತ್ರಿಕೋನದೊಳಗೆ 2 ಅಂತ (ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್ಕಿನ ಗುರುತು) ಇರುವುದನ್ನು ನೋಡಿಕೊಂಡು. 'ನಳಾ ಕೂಡ್ಸಿ ಕೊಡ್ತೀನಿ, 150 ಜಾಸ್ತಿ' ಅಂದಾಗ ಖುಷಿಯಿಂದ ಹೂಂ ಅಂದೆ. ಅಲ್ಲೇ ತಪ್ಪಿದ್ದು.

ಮನೆಗೆ ತಂದು ತುಂಬಿಸಿದೆವು. ಮೊದಲ ಸಲ ಖಾಲಿ ಮಾಡಲು ಹೋದಾಗ ನಳ ಎರಡು ಸಲ ಕೆಮ್ಮಿ ನಿಂತಿತು. ಒಳಗೆ ಇಣುಕಿದರೆ ನೀರು ಹಾಗೇ ಇದೆ. ತಂಬಿಗೆಯಿಂದ ಅಳೆದು ಅಳೆದು ತೆಗೆದೆ. ಸುಮಾರು 20 ಲೀಟರ್! ಹತ್ತರಲ್ಲಿ ಒಂದು ಪಾಲು. 200 ಲೀಟರಿಗೆ ದುಡ್ಡು ಕೊಟ್ಟು 180 ಲೀಟರ್ ತಂದಿದ್ದೆ.

ಇದು ಬರೀ ಜಿಪುಣತನದ ಲೆಕ್ಕ ಅಲ್ಲ. ಪ್ರವಾಹ, ಭೂಕಂಪದಂಥ ಹೊತ್ತಲ್ಲಿ ಪರಿಹಾರ ಶಿಬಿರ ನಡೆಸುವವರು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಕುಡಿಯಲು, ಅಡುಗೆಗೆ, ಕೈಕಾಲು ತೊಳೆಯಲು ಎಲ್ಲ ಸೇರಿ. ನಾವು ನಾಲ್ಕು ಜನ, ದಿನಕ್ಕೆ 60. ನಳದಿಂದ ಬರುವ 180 ಅಂದರೆ ಸರಿಯಾಗಿ ಮೂರು ದಿನ. ನಾಲ್ಕನೇ ದಿನ ಬೆಳಿಗ್ಗೆ ಹಲ್ಲುಜ್ಜಲು ಬೇಕಾದ ನೀರೆಲ್ಲ ಆ ನಾಲ್ಕು ಬೆರಳಿನ ಕೆಳಗೆ ಕೂತಿದೆ. ಬಗ್ಗಿಸಿ ತೆಗೆಯೋಣ ಅಂದರೆ ನನ್ನ ಸೊಂಟ ಒಪ್ಪುವುದಿಲ್ಲ. ತುಂಬಿದ ಬ್ಯಾರಲ್ ಎರಡು ಕ್ವಿಂಟಲ್ ತೂಕ, ಒಮ್ಮೆ ಇಟ್ಟಲ್ಲಿಂದ ಅಲುಗದು. ಸಿಮೆಂಟ್ ಇಟ್ಟಿಗೆ ಮೇಲೆ ಮೊದಲೇ ಎತ್ತರಿಸಿ ಇಟ್ಟುಕೊಳ್ಳಿ, ಇಲ್ಲಾಂದ್ರೆ ನಳದ ಕೆಳಗೆ ಕೊಡ ಹಿಡಿಯುವುದಿಲ್ಲ. ಇದನ್ನೂ ಯಾರೂ ಹೇಳಲಿಲ್ಲ.

ಇನ್ನು ನಳ ಬರುವ ದಿನ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಪೈಪಿನಲ್ಲಿ ಗಾಳಿ ಬುಸುಗುಟ್ಟುತ್ತದೆ. ಅವ್ವನಿಗೆ ಅದು ಕೇಳಿಸುತ್ತದೆ, ನನಗೆ ಅವ್ವನ ದನಿ ಕೇಳಿಸುತ್ತದೆ. 'ಏಳ್ರೀ, ನಳ ಬಂದಾವ.' ಮೊದಲ ಎರಡು ಕೊಡ ಯಾವಾಗಲೂ ಗಿಡಕ್ಕೆ. ಇದು ಅವ್ವನ ಕಾನೂನು. ಪೈಪ್ ಖಾಲಿ ಇರುವ ದಿನಗಳಲ್ಲಿ ಸೋರುವ ಜಾಗಗಳಿಂದ ಹೊರಗಿನ ಕೊಳೆ ಒಳಗೆ ಹೋಗಿರುತ್ತದೆ, ಅದೆಲ್ಲ ಮೊದಲ ನೀರಿನ ಜತೆ ಬರುತ್ತದೆ. ನಮ್ಮೂರಿನ ನೀರನ್ನೇ ಪರೀಕ್ಷೆ ಮಾಡಿದ ಬರ್ಕ್ಲಿ ವಿಶ್ವವಿದ್ಯಾಲಯದವರೂ ಇದನ್ನೇ ಬರೆದಿದ್ದಾರೆ ಎಂದು ಅವ್ವನಿಗೆ ಹೇಳಿದೆ. 'ಅಷ್ಟ್ ದೂರದಿಂದ ಬಂದ್ರ?' ಅಂದಳು.

ಆಮೇಲೆ ಬ್ಯಾರಲ್. ಹಳೆ ನೀರು ತೆಗೆದು ಹೊಸದು ತುಂಬಬೇಕು. ಹಳೆ ನೀರು ಚೆಲ್ಲುವುದು ನಮ್ಮ ಕಡೆಯ ದೊಡ್ಡ ಚಟ. ಹೊಸ ನೀರು ಬಂತೆಂದರೆ ನಿನ್ನೆಯದು ಮೈಲಿಗೆ ಆದಂತೆ ಗಟಾರಕ್ಕೆ ಸುರಿಯುತ್ತಾರೆ. ಇದಕ್ಕೆ ಮನೆಯಲ್ಲಿ ಜಗಳ ಆಗಿದೆ. ಈಗ ಹಿಂದಿನ ದಿನವೇ ಬ್ಯಾರಲ್ ನೀರಿನಲ್ಲಿ ಹಾಸಿಗೆ, ಚಾದರ ಒಗೆಯುವುದು ಅಂತ ರಾಜಿ ಆಗಿದೆ. ನಾಳೆ ನಳ ಬರದಿದ್ದರೆ? ಅದಕ್ಕೇ ಪಕ್ಕದ ಓಣಿಗೆ ಬಂತೆಂಬ ಸುದ್ದಿ ಬರುವ ತನಕ ಕೈ ಹಚ್ಚುವುದಿಲ್ಲ. ಖಾಲಿಯಾದ ಮೇಲೆ ತೆಂಗಿನ ನಾರಿನಿಂದ ಒಳಗೋಡೆ ತಿಕ್ಕುವುದು, ಬಾಯಿಗೆ ಹಳೆ ಧೋತರ ಎರಡು ಮಡಿಕೆ ಕಟ್ಟಿ ತುಂಬುವುದು, ಹೊರಗೆ ಸೀಮೆಸುಣ್ಣದಲ್ಲಿ ತಾರೀಖು ಬರೆಯುವುದು. ತಾರೀಖು ಮಗಳ ಕೆಲಸ. ಬ್ಯಾರಲ್ ಬಡಿದು ನೀರು ಎಲ್ಲಿಗೆ ಬಂದಿದೆ ಎಂದು ಹೇಳುವುದೂ ಅವಳದೇ. ತುಂಬಿದ ಕಡೆ 'ದಪ್', ಖಾಲಿ ಕಡೆ 'ಢಂ'. ಮುಚ್ಚಳ ತೆಗೆಯದೆ ಒಂದು ಬೆರಳಿನ ಲೆಕ್ಕದಲ್ಲಿ ಹೇಳುತ್ತಾಳೆ. ಇದು ಯಾವ ಜಾಹೀರಾತಿನಲ್ಲೂ ಇಲ್ಲದ ಸೌಲಭ್ಯ.

ಒಳಗೋಡೆ ತಿಕ್ಕುವುದನ್ನು ಕಲಿತದ್ದು ಪೆಟ್ಟು ತಿಂದು. ಎರಡನೇ ವರ್ಷ ಮುಚ್ಚಳದ ಅಂಚು ಬಿಸಿಲಿಗೆ ಬಾಗಿ ಸಣ್ಣ ಸಂದು ಬಿಟ್ಟಿತ್ತು. ಒಂದು ದಿನ ಟಾರ್ಚ್ ಹಿಡಿದರೆ ನೀರಿನಲ್ಲಿ ಸಣ್ಣ ಹುಳಗಳು ಬಾಲ ಕುಣಿಸುತ್ತಿವೆ. ಡೆಂಗಿ ತರುವ ಸೊಳ್ಳೆಗೆ ಇಂಥ ಶುದ್ಧ ನೀರೇ ಇಷ್ಟ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಮೊಟ್ಟೆ ಇರುವುದು ನೀರಿನಲ್ಲಿ ಅಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡು. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಮತ್ತೆ ನೀರು ಮುಟ್ಟಿದ ಕೂಡಲೇ ಹುಳ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿ, ಸೊಳ್ಳೆ ಬೆಳೆಸಿದ ಮನೆಗೆ ದಂಡ ಅಂದಾಗ ನಮ್ಮ ಓಣಿಯ ಬ್ಯಾರಲ್‌ಗಳೆಲ್ಲ ರಾತ್ರೋರಾತ್ರಿ ಮುಸುಕು ಹೊದ್ದವು. ನಮ್ಮದು ಅಷ್ಟೊತ್ತಿಗೆ ಹೊದ್ದು ಒಂದು ವರ್ಷ ಆಗಿತ್ತು. ಧೋತರ, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ಮುಚ್ಚಳ. ಮುಚ್ಚಳಕ್ಕೆ ಐದರಲ್ಲಿ ಒಂದು ಅಂಕ. ಟ್ಯೂಬಿಗೆ ಐದು.

ಬ್ಯಾರಲ್ ಪಕ್ಕದಲ್ಲೇ ಒಂದು ತಗಡಿನ ಡಬ್ಬಿ ಇದೆ, ಅದೂ ಆಪತ್ತಿಗೆ. ಟಾರ್ಚು (ಸೆಲ್ ತೆಗೆದು ಬೇರೆ ಇಟ್ಟದ್ದು, ಒಳಗೇ ಬಿಟ್ಟರೆ ಸೋರಿ ಟಾರ್ಚ್ ಹಾಳು), ಮೇಣದ ಬತ್ತಿ, ಕಡ್ಡಿ ಪೆಟ್ಟಿಗೆ, ಕ್ಲೋರಿನ್ ಗುಳಿಗೆ. ನಮ್ಮ ಪಾಕೀಟಿನ ಗುಳಿಗೆ 20 ಲೀಟರಿನ ಕೊಡಕ್ಕೆ ಒಂದು, ಹಾಕಿ ಅರ್ಧ ತಾಸು ಕಾಯಬೇಕು. ನಿಮ್ಮದರ ಮೇಲೆ ಏನಿದೆಯೋ ನೋಡಿಕೊಳ್ಳಿ. ಊಟದ ಸಾಮಾನಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಏನೇನೋ ಡಬ್ಬಿ ಆಹಾರದ ಪಟ್ಟಿ ಇರುತ್ತದೆ. ನಮಗೆ ಅದೆಲ್ಲ ಯಾಕೆ? ಸಜ್ಜೆಯ ಖಡಕ್ ರೊಟ್ಟಿ ಇದೆಯಲ್ಲ. ನೀರಿನ ಪಸೆ ತಾಗದಂತೆ ಇಟ್ಟರೆ ತಿಂಗಳು ಏನೂ ಆಗುವುದಿಲ್ಲ, ಒಲೆ ಬೇಡ, ನೀರು ಬೇಡ. ಶೇಂಗಾ ಚಟ್ನಿ ಪುಡಿ, ಬೆಲ್ಲ, ಚುರುಮುರಿ ಇದ್ದರೆ ಆಪತ್ತು ಅಂತ ಅನ್ನಿಸುವುದೇ ಇಲ್ಲ. ಕಷ್ಟ ಒಂದೇ. ಅದು ಡಬ್ಬಿಯಲ್ಲಿ ತಿಂಗಳು ಉಳಿಯುವುದಿಲ್ಲ, ಸಂಜೆ ಐದಕ್ಕೆ ಯಾರೋ ತೆಗೆದು ತಿಂದಿರುತ್ತಾರೆ. ಯಾರೋ ಅಂದರೆ ನಾನೇ.

ಮೂರನೇ ಬೇಸಿಗೆಗೆ ಆ ನಾಲ್ಕು ಬೆರಳಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಅಲುಗಿತು. ಆರನೇ ದಿನ ಬರಬೇಕಾದ ನಳ ಬರಲಿಲ್ಲ. ದೊಡ್ಡ ಪೈಪ್ ಒಡೆದಿದೆಯಂತೆ, ನಾಳೆ ಅಂದರು. ಆ ನಾಳೆ ಒಂದು ವಾರ ಎಳೆಯಿತು. ಎಂಟನೇ ದಿನ ಟ್ಯಾಂಕ್ ಖಾಲಿ. ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಘಟಕದ ಮುಂದೆ ಸಾಲು, ಅಲ್ಲೂ ಮಧ್ಯಾಹ್ನಕ್ಕೆ 'ನೀರಿಲ್ಲ' ಬೋರ್ಡು. ಬ್ಯಾರಲ್ ಬಿಚ್ಚಿದೆವು.

ಬಿಚ್ಚಿದ ಎರಡನೇ ದಿನ ನನ್ನ ತಂಗಿ ಸ್ಕೂಟಿ ಮೇಲೆ ಎರಡು ಖಾಲಿ ಕೊಡ ಇಟ್ಟುಕೊಂಡು ಬಂದಳು. ಅವಳ ಮನೆ 24 ತಾಸು ನೀರು ಬರುವ ವಾರ್ಡಿನಲ್ಲಿದೆ. 2008ರಲ್ಲಿ ಅವಳಿ ನಗರದ ಕೆಲವು ಕಡೆ ಪ್ರಯೋಗಕ್ಕೆಂದು ಶುರುವಾದದ್ದು ಅದು. ಆಗಿನಿಂದ ಅವರ ಮನೆಯಲ್ಲಿ ಹಂಡೆ ಹೋಯಿತು, ಕೊಡ ಹೋಯಿತು. 'ನಿಮ್ಮನಿ ಏನ್ ಬ್ಯಾರಲ್ ಗೋಡೌನ' ಎಂದು ನಮ್ಮನ್ನು ಚುಡಾಯಿಸುತ್ತಿದ್ದವಳು. ಆ ಎರಡು ಕೊಡವೂ ಅವರ ಪಕ್ಕದ ಮನೆಯವು. ತುಂಬಿಸಿ ಕೊಟ್ಟೆ. ಏನೂ ಅನ್ನಲಿಲ್ಲ. ಅನ್ನಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಮೂರು ದಿನದ ನೀರನ್ನು ಕೈ ಬಿಗಿ ಹಿಡಿದು ಎಳೆದೆವು, ಐದನೇ ದಿನ ರಾತ್ರಿ ಎಂಟಕ್ಕೆ ಬ್ಯಾರಲ್‌ನ ನಳ ಕೆಮ್ಮಿತು. ಮಕ್ಕಳ ಮುಖ ನೋಡಿ ಎದೆ ಧಸಕ್ಕೆಂದಿತು. ಅವ್ವ ಮಾತ್ರ ಆರಾಮಾಗಿ, 'ತಳದಾಗ ಐತಲ್ಲ' ಅಂದಳು. ಹೌದಲ್ಲ! 20 ಲೀಟರ್. ನಳ ಹಾಳು ಅಂತ ನಾನು ಬೈದುಕೊಂಡು ಬಿಟ್ಟಿದ್ದ ನೀರು. ಹಳೆ ಬೈಕಿನಲ್ಲಿ ಪೆಟ್ರೋಲ್ ತೀರಿ ಗಕ್ಕನೆ ನಿಂತಾಗ ಕಾಕ್ ತಿರುಗಿಸಿ ರಿಸರ್ವಿಗೆ ಹಾಕುತ್ತಿದ್ದೆವು, ಥೇಟ್ ಹಾಗೆ. ನಳ ತಳದಲ್ಲೇ ಇದ್ದಿದ್ದರೆ ಕೊನೆಯ ಹನಿಯವರೆಗೂ ಸುಮ್ನೆ ಬಿಟ್ಟುಕೊಂಡು ಹೋಗುತ್ತಿದ್ದೆವು. ತಳದ ನೀರಿನಲ್ಲಿ ಮಣ್ಣಿನ ಪಸೆ ಇರುತ್ತದೆ, ಕುಡಿಯಲು ಬಳಸಲಿಲ್ಲ. ಕುಡಿಯಲು ಕುದಿಸಿಟ್ಟ ಒಂದು ಕೊಡ ಬೇರೆ ಇತ್ತು. ಆ ರಾತ್ರಿ ಮುಸುರೆ, ಪಾಯಖಾನೆ ಎರಡೂ ನಡೆದದ್ದು ಆ ನಾಲ್ಕು ಬೆರಳಿನ ನೀರಿನಲ್ಲಿ. ಬೆಳಗಿನ ಜಾವ ಮೂರೂವರೆಗೆ ಪೈಪ್ ಬುಸುಗುಟ್ಟಿತು. ಆ ದಿನ ಅವ್ವ ಕೂಗುವ ಮೊದಲೇ ಎದ್ದಿದ್ದೆ.

ಹಾಗಂತ ನಳ ಕೂಡಿಸಿದವನಿಗೆ ಕೈ ಮುಗಿಯುವುದಿಲ್ಲ. ಅವನು ಇದನ್ನೆಲ್ಲ ಯೋಚಿಸಿ ತೂತು ಹೊಡೆದದ್ದಲ್ಲ, ಅವನ ಡ್ರಿಲ್ಲು ಅದಕ್ಕಿಂತ ಕೆಳಗೆ ಹೋಗುತ್ತಿರಲಿಲ್ಲ ಅಷ್ಟೆ. ವಾಷರ್ ಎರಡು ಸಲ ಬದಲಿಸಿದ್ದೇನೆ. ನೀಲಿ ಬಣ್ಣ ಬಿಸಿಲ ಕಡೆ ಬೂದಿಯಾಗಿದೆ. ಆದರೂ ಒಳಗೆ ಪಾಚಿ ಹಿಡಿದಿಲ್ಲ, ಬೆಳಕು ಹೋಗುವುದಿಲ್ಲವಲ್ಲ. ಪಕ್ಕದ ಮನೆಯ ಬಿಳಿ ಬ್ಯಾರಲ್ ಎರಡನೇ ತಿಂಗಳಿಗೇ ಒಳಗೆ ಹಸಿರು.

ಹೋದ ತಿಂಗಳು ಇನ್ನೊಂದು ತಂದೆ, ಬೇರೆ ಅಂಗಡಿಯಿಂದ. ಅಲ್ಲಿಯ ಹುಡುಗ ನಳಕ್ಕೆ ತೀರಾ ತಳದಲ್ಲೇ ತೂತು ಹೊಡೆಯಲು ಹೊರಟಿದ್ದ. 'ಏ ತಡಿ, ನಾಲ್ಕ್ ಬಟ್ಟ ಮ್ಯಾಲ ಹೊಡಿ' ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದ. 'ನೀರ್ ಉಳೀತೈತ್ರೀ ಸರ' ಅಂದ. ಉಳೀಲಿ ಅಂದೆ. ತನ್ನದೇ ಕೈ ಇಟ್ಟು ಗುರುತು ಮಾಡಿದ. ಮನೆಗೆ ಬಂದು ತಂಬಿಗೆಯಿಂದ ಅಳೆದರೆ 24 ಲೀಟರ್. ಅವನ ಬೆರಳು ದಪ್ಪ.